ಪ್ರಯೋಗಾಲಯದ ಬಹು-ಔಟ್‌ಪುಟ್ ಪವರ್ ಸಪ್ಲೈ: ಸುರಕ್ಷಿತ ಜೋಡಣೆಯ ಕುರಿತು ಸಾರ್ವಜನಿಕ ಮಾಹಿತಿ

1. ಪೀಠಿಕೆ

ಕೈಗಾರಿಕಾ ತರಬೇತಿ ಸಂಸ್ಥೆ ಹಾಗೂ ಪಾಲಿಟೆಕ್ನಿಕ್‌ಗಳ ಪ್ರವೇಶಕ್ಕಾಗಿ, ಪ್ರಯೋಗಾಲಯ ಸೌಲಭ್ಯದ ಬಳಕೆಗಾಗಿ ಅಥವಾ ತಾವು ತಯಾರಿಸಿದ ಉಪಕರಣಗಳ ಪರೀಕ್ಷೆಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದ ಪ್ರತಿಯೊಂದು ಮೇಜಿನ ಮೇಲೂ ಇರುವ ಸಾಧನವೆಂದರೆ ಡಿಸಿ ಪವರ್ ಸಪ್ಲೈ. ಗೋಡೆಯ ಸಾಕೆಟ್‌ನಿಂದ ದೊರೆಯುವ 230 ವೋಲ್ಟ್, 50 ಹರ್ಟ್ಜ್ ಎಸಿ ವಿದ್ಯುತ್ತನ್ನು ಇದು ಕಡಿಮೆ ವೋಲ್ಟೇಜಿನ ಡಿಸಿ ವಿದ್ಯುತ್ತನ್ನಾಗಿ ಪರಿವರ್ತಿಸಿ ಪ್ರಯೋಗಕ್ಕೆ ಒದಗಿಸುತ್ತದೆ.

ಕಡಿಮೆ ವೋಲ್ಟೇಜಿನ ಸಾಧನವಾದ್ದರಿಂದ ಇದರಲ್ಲಿ ಅಪಾಯವಿಲ್ಲವೆಂಬ ಭಾವನೆ ಸಾಮಾನ್ಯವಾಗಿದೆ. ಈ ಭಾವನೆ ಪೂರ್ಣ ಸರಿಯಲ್ಲ. ಒಂದಕ್ಕಿಂತ ಹೆಚ್ಚು ಔಟ್‌ಪುಟ್‌ಗಳಿರುವ ಸಾಧನದಲ್ಲಿ ಜೋಡಣೆ ತಪ್ಪಿದರೆ ಬೆಲೆಬಾಳುವ ಬಿಡಿಭಾಗಗಳು ಸುಟ್ಟುಹೋಗಬಹುದು, ತಂತಿಗಳು ಕಾಯಬಹುದು, ಕೆಲವು ಸಂದರ್ಭಗಳಲ್ಲಿ ಬಳಸುವವರಿಗೆ ವಿದ್ಯುದಾಘಾತವೂ ಆಗಬಹುದು. ಇಂತಹ ಬಹುತೇಕ ತಪ್ಪುಗಳ ಮೂಲ ಒಂದೇ: ಋಣ ಟರ್ಮಿನಲ್ ಮತ್ತು ಭೂಸಂಪರ್ಕ ಎರಡೂ ಒಂದೇ ಎಂದು ತಿಳಿಯುವುದು. ಈ ವ್ಯತ್ಯಾಸವನ್ನು ಮನವರಿಕೆ ಮಾಡಿಕೊಡುವುದು ಈ ಮಾಹಿತಿಯ ಮುಖ್ಯ ಉದ್ದೇಶವಾಗಿದೆ.

2. ಸಾಧನದ ಪರಿಚಯ

ಬೋಧನಾ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಸಾಧನದಲ್ಲಿ 0ಯಿಂದ 30 ವೋಲ್ಟ್‌ವರೆಗೆ ಹೊಂದಿಸಬಹುದಾದ ಎರಡು ಔಟ್‌ಪುಟ್‌ಗಳೂ, 5 ವೋಲ್ಟ್‌ನ ಒಂದು ಸ್ಥಿರ ಔಟ್‌ಪುಟ್ಟೂ ಇರುತ್ತವೆ. ಪ್ರತಿ ಔಟ್‌ಪುಟ್ಟನ್ನು ಚಾನೆಲ್ ಎಂದು ಕರೆಯಲಾಗುತ್ತದೆ. ಹೊಂದಿಸಬಹುದಾದ ಪ್ರತಿ ಚಾನೆಲ್‌ಗೆ ಎರಡು ನಿಯಂತ್ರಣಗಳಿರುತ್ತವೆ. ಒಂದು ವೋಲ್ಟೇಜನ್ನು ನಿಗದಿಪಡಿಸುತ್ತದೆ; ಮತ್ತೊಂದು ಹರಿಯಬಹುದಾದ ಗರಿಷ್ಠ ಕರೆಂಟನ್ನು ನಿಗದಿಪಡಿಸುತ್ತದೆ.

ಮುಂಭಾಗದಲ್ಲಿ ಸಿವಿ ಮತ್ತು ಸಿಸಿ ಎಂಬ ಎರಡು ದೀಪಗಳಿರುತ್ತವೆ. ಸಿವಿ ದೀಪ ಬೆಳಗುತ್ತಿದ್ದರೆ ಸಾಧನವು ನಿಗದಿತ ವೋಲ್ಟೇಜನ್ನು ಕಾಯ್ದುಕೊಂಡಿದೆ ಎಂದು ಅರ್ಥ. ಸಿಸಿ ದೀಪ ಬೆಳಗಿದರೆ ಮಂಡಲವು ನಿಗದಿತ ಮಿತಿಯಷ್ಟು ಕರೆಂಟನ್ನು ಎಳೆಯುತ್ತಿದ್ದು, ಅದನ್ನು ಮೀರದಂತೆ ಸಾಧನವು ವೋಲ್ಟೇಜನ್ನು ತಾನಾಗಿ ತಗ್ಗಿಸಿದೆ ಎಂದು ಅರ್ಥ. ಅನಿರೀಕ್ಷಿತವಾಗಿ ಸಿಸಿ ದೀಪ ಬೆಳಗುವುದು ಜೋಡಣೆಯಲ್ಲಿ ದೋಷವಿರುವುದರ ಮೊದಲ ಸೂಚನೆ. ಅದನ್ನು ಆರಿಸುವ ಸಲುವಾಗಿ ಕರೆಂಟ್ ಮಿತಿಯನ್ನು ಏರಿಸುವುದು ದೋಷಕ್ಕೆ ಮತ್ತಷ್ಟು ಶಕ್ತಿ ಒದಗಿಸಿದಂತೆ.

3. ಮೂರು ಬಣ್ಣದ ಟರ್ಮಿನಲ್‌ಗಳು

ಪ್ರತಿ ಚಾನೆಲ್‌ನಲ್ಲಿ ಸಾಮಾನ್ಯವಾಗಿ ಕೆಂಪು, ಕಪ್ಪು ಮತ್ತು ಹಸಿರು ಬಣ್ಣದ ಮೂರು ಟರ್ಮಿನಲ್‌ಗಳಿರುತ್ತವೆ. ಕೆಂಪು ಟರ್ಮಿನಲ್ ಧನ, ಕಪ್ಪು ಟರ್ಮಿನಲ್ ಋಣ. ಹಸಿರು ಟರ್ಮಿನಲ್ ಸಾಧನದ ಲೋಹದ ಕವಚಕ್ಕೂ, ಅದರ ಮೂಲಕ ಮೂರು ಪಿನ್ ಪ್ಲಗ್‌ನ ಭೂಸಂಪರ್ಕ ಪಿನ್ನಿಗೂ ಜೋಡಣೆಯಾಗಿರುತ್ತದೆ.

ಪ್ರಯೋಗಕ್ಕೆ ಬೇಕಾದ ವಿದ್ಯುತ್ತು ಕೆಂಪು ಮತ್ತು ಕಪ್ಪು ಟರ್ಮಿನಲ್‌ಗಳ ನಡುವೆ ದೊರೆಯುತ್ತದೆ. ಕೆಂಪು ಮತ್ತು ಹಸಿರು ಟರ್ಮಿನಲ್‌ಗಳ ನಡುವೆ ಮಂಡಲವನ್ನು ಜೋಡಿಸಿದರೆ ಅದು ಕೆಲಸ ಮಾಡುವುದಿಲ್ಲ. ಕಾರಣವಿಷ್ಟೇ: ಸಾಧನದೊಳಗಿನ ಟ್ರಾನ್ಸ್‌ಫಾರ್ಮರ್ ಔಟ್‌ಪುಟ್ ಭಾಗವನ್ನು ಗೋಡೆಯ ವಿದ್ಯುತ್ತಿನಿಂದಲೂ ಭೂಮಿಯಿಂದಲೂ ಬೇರ್ಪಡಿಸಿರುತ್ತದೆ. 12 ವೋಲ್ಟ್ ಎಂದು ನಿಗದಿಪಡಿಸಿದಾಗ ಕೆಂಪು ಟರ್ಮಿನಲ್ ಕಪ್ಪು ಟರ್ಮಿನಲ್ಲಿಗಿಂತ 12 ವೋಲ್ಟ್ ಮೇಲಿರುತ್ತದೆಯೇ ಹೊರತು, ಭೂಮಿಗಿಂತ ಎಷ್ಟು ಮೇಲಿದೆ ಎಂಬುದು ನಿರ್ಧಾರವಾಗಿರುವುದಿಲ್ಲ. ಬ್ಯಾಟರಿ ಸೆಲ್ಲಿನ ಋಣ ತುದಿಗೂ ಭೂಮಿಗೂ ಹೇಗೆ ಸಂಬಂಧವಿಲ್ಲವೋ ಇಲ್ಲಿಯೂ ಹಾಗೆಯೇ. ಬಳಸುವವರು ಜೋಡಿಸಿದಾಗ ಮಾತ್ರ ಆ ಸಂಬಂಧ ಏರ್ಪಡುತ್ತದೆ.

ಆ ಜೋಡಣೆಗಾಗಿ ಕೆಲವು ಸಾಧನಗಳಲ್ಲಿ ಕಪ್ಪು ಮತ್ತು ಹಸಿರು ಟರ್ಮಿನಲ್‌ಗಳ ನಡುವೆ ಸಣ್ಣ ಲೋಹದ ಪಟ್ಟಿಯನ್ನು ಅಳವಡಿಸಿರುತ್ತಾರೆ. ಈ ಪಟ್ಟಿ ಇದೆಯೇ ಇಲ್ಲವೇ ಎಂಬುದನ್ನು ಪ್ರತಿ ಬಾರಿಯೂ ಪರಿಶೀಲಿಸತಕ್ಕದ್ದು. ಹಿಂದೆ ಬಳಸಿದವರು ಅದನ್ನು ಯಾವ ಚಾನೆಲ್‌ನಲ್ಲಿ ಬಿಟ್ಟುಹೋಗಿರುವರೆಂದು ಹೇಳಲಾಗದು.

ಗಮನಿಸಿ: ಮನೆಯ ವೈರಿಂಗ್‌ನಲ್ಲಿ ಕಪ್ಪು ತಂತಿಯು ನ್ಯೂಟ್ರಲ್ ಆಗಿರುತ್ತದೆ. ಪವರ್ ಸಪ್ಲೈನ ಕಪ್ಪು ಟರ್ಮಿನಲ್ಲಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

4. ಚಾನೆಲ್‌ಗಳು ಪರಸ್ಪರ ಪ್ರತ್ಯೇಕವಾಗಿವೆಯೇ?

ಎಲ್ಲ ಸಾಧನಗಳಲ್ಲೂ ಎಲ್ಲ ಚಾನೆಲ್‌ಗಳು ಪ್ರತ್ಯೇಕವಾಗಿರುವುದಿಲ್ಲ. ಉದಾಹರಣೆಗೆ, ಕೀಸೈಟ್ ಇ3631ಎ ಮಾದರಿಯಲ್ಲಿ ಧನ 25 ವೋಲ್ಟ್ ಹಾಗೂ ಋಣ 25 ವೋಲ್ಟ್ ಔಟ್‌ಪುಟ್‌ಗಳಿಗೆ ಒಂದೇ ಸಾಮಾನ್ಯ ಟರ್ಮಿನಲ್ ಇದ್ದು, 6 ವೋಲ್ಟ್ ಔಟ್‌ಪುಟ್ ಮಾತ್ರ ಅವುಗಳಿಂದ ಪ್ರತ್ಯೇಕವಾಗಿದೆ. ರಿಗೋಲ್ ಡಿಪಿ832 ಮಾದರಿಯಲ್ಲಿ ಮೊದಲನೆಯ ಚಾನೆಲ್ ಪ್ರತ್ಯೇಕವಾಗಿದ್ದು, ಎರಡನೆಯ ಮತ್ತು ಮೂರನೆಯ ಚಾನೆಲ್‌ಗಳು ಒಂದೇ ಋಣ ಬಿಂದುವನ್ನು ಹಂಚಿಕೊಳ್ಳುತ್ತವೆ. ಒಳಗೇ ಕೂಡಿಕೊಂಡಿರುವ ಎರಡು ಚಾನೆಲ್‌ಗಳನ್ನು ಹೊರಗಿನಿಂದ ಸರಣಿಯಲ್ಲಿ ಜೋಡಿಸಿದರೆ ಅವುಗಳಲ್ಲೊಂದು ಶಾರ್ಟ್ ಆಗುತ್ತದೆ. ಈ ಮಾದರಿಗಳನ್ನು ವಿವರಣೆಗಾಗಿ ಮಾತ್ರ ಹೆಸರಿಸಲಾಗಿದೆ. ಇದು ಯಾವುದೇ ತಯಾರಕರ ಪರವಾದ ಶಿಫಾರಸು ಅಲ್ಲ.

ಕೈಪಿಡಿ ಲಭ್ಯವಿಲ್ಲದಿದ್ದಲ್ಲಿ, ಸಾಧನವನ್ನು ಆರಿಸಿ, ಪ್ಲಗ್ ಕಳಚಿ, ಎಲ್ಲ ತಂತಿಗಳನ್ನೂ ಲೋಹದ ಪಟ್ಟಿಗಳನ್ನೂ ತೆಗೆದು, ಎರಡು ಚಾನೆಲ್‌ಗಳ ಕಪ್ಪು ಟರ್ಮಿನಲ್‌ಗಳ ನಡುವೆ ಮಲ್ಟಿಮೀಟರ್‌ನ ಓಮ್ ಶ್ರೇಣಿಯಲ್ಲಿ ಅಳೆಯಬೇಕು. ಶೂನ್ಯಕ್ಕೆ ಸಮೀಪದ ಅಳತೆ ಬಂದರೆ ಅವು ಒಳಗೆ ಕೂಡಿಕೊಂಡಿವೆ.

5. ಗೋಡೆಯ ಸಾಕೆಟ್ ಮತ್ತು ಭೂಸಂಪರ್ಕ

ಸಾಧನವನ್ನು ಸುಸ್ಥಿತಿಯಲ್ಲಿರುವ ಮೂರು ಪಿನ್ ಸಾಕೆಟ್‌ಗೆ ಮಾತ್ರ ಜೋಡಿಸತಕ್ಕದ್ದು. ಪ್ಲಗ್‌ನ ಭೂಸಂಪರ್ಕ ಪಿನ್ ಉಳಿದೆರಡಕ್ಕಿಂತ ಉದ್ದವೂ ದಪ್ಪವೂ ಆಗಿರುವುದಕ್ಕೆ ಕಾರಣವಿದೆ: ಪ್ಲಗ್ ತೂರಿಸುವಾಗ ಅದು ಮೊದಲು ಕೂಡಬೇಕು, ಕಳಚುವಾಗ ಕೊನೆಗೆ ಬಿಡಬೇಕು. ಸಾಧನದೊಳಗೆ ಫೇಸ್ ತಂತಿ ಸಡಿಲವಾಗಿ ಕವಚಕ್ಕೆ ತಗುಲಿದರೆ, ಭೂಸಂಪರ್ಕದ ಮೂಲಕ ಹೆಚ್ಚಿನ ಕರೆಂಟ್ ಹರಿದು ಫ್ಯೂಸ್ ಅಥವಾ ಎಂಸಿಬಿ ಕಡಿತಗೊಳ್ಳುತ್ತದೆ. ಭೂಸಂಪರ್ಕವಿಲ್ಲದಿದ್ದರೆ ಕವಚವು 230 ವೋಲ್ಟ್‌ನಲ್ಲೇ ಉಳಿಯುತ್ತದೆ. ಅದನ್ನು ಮುಟ್ಟಿದವರ ದೇಹದ ಮೂಲಕವೇ ಕರೆಂಟ್ ಭೂಮಿಗೆ ಹರಿಯುತ್ತದೆ. ಆದ್ದರಿಂದ ಭೂಸಂಪರ್ಕ ಪಿನ್ನನ್ನು ತೆಗೆಯುವುದು, ಎರಡು ಪಿನ್ ಅಡಾಪ್ಟರ್ ಬಳಸುವುದು ಅಥವಾ ತಂತಿಯ ತುದಿಗಳನ್ನು ಬೆಂಕಿಕಡ್ಡಿಯಿಂದ ಸಾಕೆಟ್‌ಗೆ ಸಿಕ್ಕಿಸುವುದು ಯಾವ ಸಂದರ್ಭದಲ್ಲೂ ಕೂಡದು.

ಭಾರತದಲ್ಲಿ ಭೂಸಂಪರ್ಕದ ಅಳವಡಿಕೆಗೆ ಐಎಸ್ 3043 ಸಂಹಿತೆ ಅನ್ವಯಿಸುತ್ತದೆ. ಕಟ್ಟಡದ ವೈರಿಂಗ್ ಹಾಗೂ ಭೂಸಂಪರ್ಕದ ಕೆಲಸವನ್ನು ಲೈಸೆನ್ಸ್ ಪಡೆದ ವಿದ್ಯುತ್ ಗುತ್ತಿಗೆದಾರರ ಮೂಲಕವೇ ಮಾಡಿಸತಕ್ಕದ್ದು. ಆಮದಾದ ಸಾಧನಗಳ ಹಿಂಭಾಗದಲ್ಲಿ 115/230 ವೋಲ್ಟ್ ಆಯ್ಕೆಯ ಸ್ವಿಚ್ ಇದ್ದಲ್ಲಿ, ಪ್ಲಗ್ ಹಾಕುವ ಮೊದಲು ಅದು 230ರಲ್ಲಿರುವುದನ್ನು ಖಚಿತಪಡಿಸಿಕೊಳ್ಳಬೇಕು.

30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಅಳವಡಿಸಿರುವುದು ಉತ್ತಮ ರಕ್ಷಣೆ. ಆದರೆ ಅದು ಗೋಡೆಯ ವಿದ್ಯುತ್ತು ಭೂಮಿಗೆ ಸೋರಿದಾಗ ಮಾತ್ರ ಕೆಲಸ ಮಾಡುತ್ತದೆ. ಟ್ರಾನ್ಸ್‌ಫಾರ್ಮರ್‌ನ ಈಚೆಗಿರುವ ಡಿಸಿ ಔಟ್‌ಪುಟ್‌ನ ಎರಡು ತುದಿಗಳನ್ನು ಒಬ್ಬರು ಮುಟ್ಟಿದರೆ ಆರ್‌ಸಿಸಿಬಿಗೆ ಅದು ತಿಳಿಯುವುದೇ ಇಲ್ಲ.

6. ಜೋಡಣೆಯ ಕ್ರಮ

ಕೆಳಕಂಡ ಕ್ರಮವನ್ನು ತಪ್ಪದೆ ಅನುಸರಿಸುವುದು:

(1) ಉಂಗುರ, ಲೋಹದ ಬಳೆ ಮತ್ತು ಕೈಗಡಿಯಾರ ತೆಗೆದಿಡಬೇಕು. ಕೈಗಳೂ ಮೇಜೂ ಒಣಗಿರಬೇಕು.
(2) ಮಂಡಲವನ್ನು ಜೋಡಿಸದೆ ಸಾಧನವನ್ನು ಚಾಲೂ ಮಾಡಿ, ಪ್ರತಿ ಚಾನೆಲ್‌ನ ವೋಲ್ಟೇಜನ್ನು ನಿಗದಿಪಡಿಸಿ, ಮಲ್ಟಿಮೀಟರ್‌ನಿಂದ ಅಳೆದು ಖಚಿತಪಡಿಸಿಕೊಳ್ಳಬೇಕು.
(3) ಕರೆಂಟ್ ಮಿತಿಯನ್ನು ಅಗತ್ಯಕ್ಕಿಂತ ಸ್ವಲ್ಪ ಮೇಲಕ್ಕೆ ಮಾತ್ರ ಇಡಬೇಕು. ಮಂಡಲಕ್ಕೆ 40 ಮಿಲಿಆಂಪಿಯರ್ ಸಾಕೆಂದಿದ್ದರೆ 100 ಮಿಲಿಆಂಪಿಯರ್ ಮಿತಿ ಸಾಕಾಗುತ್ತದೆ. ಮಿತಿಯನ್ನು ನೇರವಾಗಿ ತೋರಿಸದ ಹಳೆಯ ಸಾಧನಗಳಲ್ಲಿ ಕರೆಂಟ್ ನಿಯಂತ್ರಣವನ್ನು ಕನಿಷ್ಠಕ್ಕೆ ತಿರುಗಿಸಿ, ಕೆಂಪು ಮತ್ತು ಕಪ್ಪು ಟರ್ಮಿನಲ್‌ಗಳನ್ನು ಒಂದು ತುಂಡು ತಂತಿಯಿಂದ ಕೂಡಿಸಿ, ಬೇಕಾದ ಅಳತೆ ಬರುವವರೆಗೆ ನಿಧಾನವಾಗಿ ಏರಿಸಿ, ನಂತರ ತಂತಿಯನ್ನು ತೆಗೆಯಬೇಕು.
(4) ಔಟ್‌ಪುಟ್ಟನ್ನು ಆರಿಸಬೇಕು. ಔಟ್‌ಪುಟ್ ಸ್ವಿಚ್ ಇಲ್ಲದ ಸಾಧನಗಳಲ್ಲಿ ಸಾಧನವನ್ನೇ ಆರಿಸಿ, ವೋಲ್ಟೇಜ್ ಶೂನ್ಯಕ್ಕೆ ಇಳಿಯುವವರೆಗೆ ಕಾಯಬೇಕು.
(5) ಮೊದಲು ಸಾಮಾನ್ಯ ಬಿಂದುವಿನ ತಂತಿಯನ್ನು, ನಂತರ ಧನ ಹಾಗೂ ಋಣ ತಂತಿಗಳನ್ನು ಜೋಡಿಸಬೇಕು.
(6) ಮತ್ತೊಬ್ಬರಿಂದ ಜೋಡಣೆಯನ್ನು ಪರಿಶೀಲಿಸಿಕೊಂಡು ಔಟ್‌ಪುಟ್ಟನ್ನು ಚಾಲೂ ಮಾಡಬೇಕು. ಸಿಸಿ ದೀಪ ಬೆಳಗಿದರೆ ತಕ್ಷಣ ಆರಿಸಬೇಕು.
(7) ಸಿಗ್ನಲ್ ಜನರೇಟರ್ ಇದ್ದಲ್ಲಿ ಪವರ್ ಸಪ್ಲೈ ಚಾಲೂ ಆದ ನಂತರ ಅದನ್ನು ಚಾಲೂ ಮಾಡಬೇಕು; ಆರಿಸುವಾಗ ಅದನ್ನೇ ಮೊದಲು ಆರಿಸಬೇಕು.

ಕರೆಂಟ್ ಮಿತಿ ಇಟ್ಟ ಮೇಲೂ ಔಟ್‌ಪುಟ್ ಆರಿಸಿಯೇ ಜೋಡಿಸಬೇಕೆನ್ನಲು ಕಾರಣವಿದೆ. ಸಾಧನದ ಔಟ್‌ಪುಟ್‌ನಲ್ಲಿ ಕೆಪಾಸಿಟರ್ ಇರುತ್ತದೆ. ಚಾಲೂ ಇರುವಾಗ ತಂತಿ ತಗುಲಿಸಿದ ಕ್ಷಣದಲ್ಲಿ ಅದರಲ್ಲಿ ಸಂಗ್ರಹವಾಗಿರುವ ವಿದ್ಯುತ್ತು ಮಿತಿಯ ಹಂಗಿಲ್ಲದೆ ಮಂಡಲಕ್ಕೆ ನುಗ್ಗುತ್ತದೆ. ಸೂಕ್ಷ್ಮ ಬಿಡಿಭಾಗಗಳು ಹಾಳಾಗಲು ಆ ಒಂದು ಕ್ಷಣ ಸಾಕು.

7. ಸಾಮಾನ್ಯ ಜೋಡಣೆಗಳು

(ಅ) ಧನ-ಋಣ ಜೋಡಿ ಪೂರೈಕೆ. 741ರಂತಹ ಆಪರೇಷನಲ್ ಆಂಪ್ಲಿಫಯರ್ ಐಸಿಗಳಿಗೆ ಸಾಮಾನ್ಯವಾಗಿ ಧನ 15 ಮತ್ತು ಋಣ 15 ವೋಲ್ಟ್ ನೀಡಲಾಗುತ್ತದೆ. ಇದಕ್ಕಾಗಿ ಎರಡು ಚಾನೆಲ್‌ಗಳನ್ನೂ 15 ವೋಲ್ಟ್‌ಗೆ ಹೊಂದಿಸಿ, ಮೊದಲನೆಯ ಚಾನೆಲ್‌ನ ಕಪ್ಪು ಟರ್ಮಿನಲ್ಲನ್ನು ಎರಡನೆಯ ಚಾನೆಲ್‌ನ ಕೆಂಪು ಟರ್ಮಿನಲ್ಲಿಗೆ ಕೂಡಿಸಬೇಕು. ಈ ಕೂಡುಬಿಂದುವೇ ಮಂಡಲದ ಸಾಮಾನ್ಯ ಬಿಂದು. ಮೊದಲನೆಯ ಚಾನೆಲ್‌ನ ಕೆಂಪು ಟರ್ಮಿನಲ್‌ನಲ್ಲಿ ಧನ 15, ಎರಡನೆಯ ಚಾನೆಲ್‌ನ ಕಪ್ಪು ಟರ್ಮಿನಲ್‌ನಲ್ಲಿ ಋಣ 15 ವೋಲ್ಟ್ ದೊರೆಯುತ್ತದೆ. ಭೂಸಂಪರ್ಕ ಬೇಕಿದ್ದಲ್ಲಿ ಈ ಕೂಡುಬಿಂದುವಿಗೆ ಮಾತ್ರ ನೀಡಬೇಕು.

ಲೋಹದ ಪಟ್ಟಿಯ ತೊಂದರೆ ಕಾಣಿಸಿಕೊಳ್ಳುವುದು ಇಲ್ಲಿಯೇ. ಎರಡೂ ಚಾನೆಲ್‌ಗಳಲ್ಲಿ ಪಟ್ಟಿಗಳು ಹಾಗೆಯೇ ಉಳಿದಿದ್ದರೆ ಕೂಡುಬಿಂದುವೂ ಭೂಮಿಗೆ ಸೇರುತ್ತದೆ, ಎರಡನೆಯ ಚಾನೆಲ್‌ನ ಕಪ್ಪು ಟರ್ಮಿನಲ್ಲೂ ಭೂಮಿಗೆ ಸೇರುತ್ತದೆ. ಅಂದರೆ ಎರಡನೆಯ ಚಾನೆಲ್‌ನ ಎರಡೂ ತುದಿಗಳು ಕವಚದ ಮೂಲಕ ಕೂಡಿಕೊಂಡು ಶಾರ್ಟ್ ಆಗುತ್ತದೆ. ಅದರ ವೋಲ್ಟೇಜ್ ಶೂನ್ಯಕ್ಕೆ ಇಳಿದು ಸಿಸಿ ದೀಪ ಬೆಳಗುತ್ತದೆ. ಸಾಧನವೇ ಕೆಟ್ಟಿದೆಯೆಂದು ಭಾವಿಸಿ ದುರಸ್ತಿಗೆ ಕಳುಹಿಸುವ ಮುನ್ನ ಪಟ್ಟಿಯನ್ನು ನೋಡುವುದು ಸೂಕ್ತ.

(ಆ) ಸರಣಿ ಜೋಡಣೆ. ಮೇಲಿನ ಜೋಡಣೆಯಲ್ಲಿಯೇ ಎರಡು ಹೊರತುದಿಗಳನ್ನು ಬಳಸಿದರೆ ವೋಲ್ಟೇಜ್‌ಗಳ ಮೊತ್ತ ದೊರೆಯುತ್ತದೆ. ತಲಾ 30 ವೋಲ್ಟ್‌ನಿಂದ 60 ವೋಲ್ಟ್ ಆಗುತ್ತದೆ. ಪ್ರಯೋಗಾಲಯ ಉಪಕರಣಗಳ ಸುರಕ್ಷತೆಗೆ ಸಂಬಂಧಿಸಿದ ಐಇಸಿ 61010-1 ಮಾನಕವು ಸಾಮಾನ್ಯ ಸ್ಥಿತಿಯಲ್ಲಿ 60 ವೋಲ್ಟ್ ಡಿಸಿಯನ್ನು ಮೀರಿದ ಭಾಗಗಳನ್ನು ಮುಟ್ಟಿದರೆ ಅಪಾಯವಿರುವ ಭಾಗಗಳೆಂದು ಪರಿಗಣಿಸುತ್ತದೆ. ಒದ್ದೆಯಾದ ಸ್ಥಳಗಳಲ್ಲಿ ಬಳಸುವ ಉಪಕರಣಗಳಿಗೆ ಈ ಮಿತಿ 35 ವೋಲ್ಟ್. ತಲಾ 32 ವೋಲ್ಟ್ ನೀಡುವ ಎರಡು ಚಾನೆಲ್‌ಗಳು ಅಥವಾ ತಲಾ 30 ವೋಲ್ಟ್‌ನ ಜೊತೆಗೆ ಪ್ರತ್ಯೇಕವಾಗಿರುವ 5 ವೋಲ್ಟ್ ಚಾನೆಲ್ ಸೇರಿದರೆ 60ರ ಮಿತಿ ದಾಟುತ್ತದೆ. ಆದ್ದರಿಂದ ಸರಣಿ ಜೋಡಣೆಯಲ್ಲಿ ಬರಿಯ ತುದಿಗಳಿರುವ ತಂತಿ ಬಳಸದೆ, ಹೊದಿಕೆಯಿರುವ ಪ್ಲಗ್‌ಗಳನ್ನೇ ಬಳಸತಕ್ಕದ್ದು.

(ಇ) ಸಮಾಂತರ ಜೋಡಣೆ. ಹೆಚ್ಚಿನ ಕರೆಂಟ್ ಬೇಕಾದಾಗ ಎರಡು ಚಾನೆಲ್‌ಗಳನ್ನು ಸಮಾಂತರವಾಗಿ ಜೋಡಿಸಲು ಸಾಧನದಲ್ಲಿ ಪ್ರತ್ಯೇಕ ವಿಧಾನವಿದ್ದರೆ ಅದನ್ನು ಮಾತ್ರ ಬಳಸಬೇಕು. ಕೇವಲ ತಂತಿಯಿಂದ ಕೂಡಿಸಿದರೆ ತುಸು ಹೆಚ್ಚು ವೋಲ್ಟೇಜಿಗೆ ಹೊಂದಿಸಿದ ಚಾನೆಲ್ ಒಂದೇ ತನ್ನ ಮಿತಿಯವರೆಗೂ ಪೂರ್ಣ ಹೊರೆಯನ್ನು ಹೊರುತ್ತದೆ. ವೋಲ್ಟೇಜ್ ವ್ಯತ್ಯಾಸ ದೊಡ್ಡದಿದ್ದಲ್ಲಿ ಮತ್ತೊಂದು ಚಾನೆಲ್ ಹಾನಿಗೊಳಗಾಗಬಹುದು. ಸರಣಿ ಅಥವಾ ಸಮಾಂತರ ಗುಂಡಿಯನ್ನು ಒತ್ತಿದೊಡನೆ ಕೆಲವು ಸಾಧನಗಳು ಒಳಗೇ ಜೋಡಣೆ ಮಾಡಿಕೊಳ್ಳುತ್ತವೆ. ಆದ್ದರಿಂದ ಹೊರಗಿನ ತಂತಿಗಳನ್ನು ತೆಗೆದ ಬಳಿಕವೇ, ಔಟ್‌ಪುಟ್ ಆರಿಸಿ ಆ ಗುಂಡಿಯನ್ನು ಒತ್ತಬೇಕು.

(ಈ) 5 ವೋಲ್ಟ್ ಮತ್ತು 15 ವೋಲ್ಟ್ ಒಟ್ಟಿಗೆ. ಒಂದೇ ಮಂಡಲದಲ್ಲಿ ಡಿಜಿಟಲ್ ಐಸಿಗಳಿಗೆ 5 ವೋಲ್ಟ್, ಆಂಪ್ಲಿಫಯರ್‌ಗೆ 15 ವೋಲ್ಟ್ ನೀಡುವಾಗ 5 ವೋಲ್ಟ್ ಚಾನೆಲ್‌ನ ಕಪ್ಪು ಟರ್ಮಿನಲ್ಲನ್ನೂ ಸಾಮಾನ್ಯ ಬಿಂದುವಿಗೆ ಕೂಡಿಸಬೇಕು. ಇಲ್ಲವಾದಲ್ಲಿ ಎರಡು ಭಾಗಗಳ ನಡುವಿನ ಸಂಕೇತಕ್ಕೆ ಹಿಂತಿರುಗುವ ದಾರಿಯಿರುವುದಿಲ್ಲ. 74ಎಲ್‌ಎಸ್ ಶ್ರೇಣಿಯ ಐಸಿಗಳು 4.75ರಿಂದ 5.25 ವೋಲ್ಟ್‌ನಲ್ಲಿ ಕೆಲಸ ಮಾಡುತ್ತವೆ; ಅವುಗಳ ಗರಿಷ್ಠ ಸಹನ ಮಿತಿ 7 ವೋಲ್ಟ್. ತಂತಿ ಅದಲುಬದಲಾಗಿ 15 ವೋಲ್ಟ್ ತಗುಲಿದರೆ ಅವು ಉಳಿಯುವುದಿಲ್ಲ. ಆದ್ದರಿಂದ ಪ್ರತಿ ವೋಲ್ಟೇಜಿಗೂ ಬೇರೆ ಬಣ್ಣದ ತಂತಿ ಬಳಸುವುದು ಒಳ್ಳೆಯದು.

8. ಆಸಿಲೋಸ್ಕೋಪ್ ಜೋಡಿಸುವಾಗ

ಮೇಜಿನ ಮೇಲಿನ ಸಾಮಾನ್ಯ ಆಸಿಲೋಸ್ಕೋಪ್‌ನ ಪ್ರೋಬ್‌ನಲ್ಲಿರುವ ಮೊಸಳೆ ಕ್ಲಿಪ್ ಅದರ ಮೂರು ಪಿನ್ ಪ್ಲಗ್ ಮೂಲಕ ಭೂಮಿಗೆ ಸೇರಿರುತ್ತದೆ. ಕ್ಲಿಪ್ಪನ್ನು ಮಂಡಲದ ಯಾವ ಬಿಂದುವಿಗೆ ಹಾಕಲಾಗುವುದೋ ಆ ಬಿಂದು ಭೂಮಿಗೆ ಸೇರಿತೆಂದೇ ಅರ್ಥ. ಪವರ್ ಸಪ್ಲೈನ ಪಟ್ಟಿಯ ಮೂಲಕ ಬೇರೊಂದು ಬಿಂದು ಆಗಲೇ ಭೂಮಿಗೆ ಸೇರಿದ್ದರೆ, ಎರಡು ಬಿಂದುಗಳ ನಡುವೆ ಕಟ್ಟಡದ ಭೂಸಂಪರ್ಕವೇ ಶಾರ್ಟ್ ತಂತಿಯಾಗುತ್ತದೆ. ಒಂದೇ ಆಸಿಲೋಸ್ಕೋಪ್‌ನ ಎರಡು ಪ್ರೋಬ್‌ಗಳ ಕ್ಲಿಪ್‌ಗಳನ್ನು ಬೇರೆ ಬೇರೆ ಬಿಂದುಗಳಿಗೆ ಹಾಕಿದರೂ ಇದೇ ಪರಿಣಾಮ. ಆದ್ದರಿಂದ ಎಲ್ಲ ಕ್ಲಿಪ್‌ಗಳನ್ನೂ ಸಾಮಾನ್ಯ ಬಿಂದುವಿಗೆ ಮಾತ್ರ ಹಾಕತಕ್ಕದ್ದು.

ಈ ತೊಡಕಿನಿಂದ ಪಾರಾಗಲು ಆಸಿಲೋಸ್ಕೋಪ್‌ನ ಭೂಸಂಪರ್ಕ ಪಿನ್ನನ್ನು ಕತ್ತರಿಸುವ ಪದ್ಧತಿ ಅಲ್ಲಲ್ಲಿ ಕಂಡುಬರುತ್ತದೆ. ಇದು ಪ್ರಾಣಾಪಾಯಕಾರಿ. ಕ್ಲಿಪ್ ಯಾವ ವೋಲ್ಟೇಜಿನಲ್ಲಿರುವುದೋ ಉಪಕರಣದ ತೆರೆದ ಲೋಹದ ಭಾಗಗಳೆಲ್ಲವೂ ಅದೇ ವೋಲ್ಟೇಜಿಗೆ ಏರುತ್ತವೆ. ಭೂಮಿಗೆ ಸೇರದ ಎರಡು ಬಿಂದುಗಳ ನಡುವೆ ಅಳೆಯಬೇಕಾದಾಗ ಎರಡು ಪ್ರೋಬ್‌ಗಳ ಅಳತೆಗಳ ವ್ಯತ್ಯಾಸವನ್ನು ತೆಗೆದುಕೊಳ್ಳಬೇಕು ಅಥವಾ ಡಿಫರೆನ್ಷಿಯಲ್ ಪ್ರೋಬ್ ಬಳಸಬೇಕು.

9. ತಂತಿಗಳ ಆಯ್ಕೆ

ತೆಳುವಾದ ಉದ್ದ ತಂತಿಯಲ್ಲಿ ವೋಲ್ಟೇಜ್ ನಷ್ಟವಾಗುತ್ತದೆ. 0.5 ಚದರ ಮಿಲಿಮೀಟರ್ ತಾಮ್ರದ ತಂತಿಯನ್ನು ಹೋಗಲು 1 ಮೀಟರ್, ಬರಲು 1 ಮೀಟರ್ ಬಳಸಿದರೆ ಒಟ್ಟು ರೋಧ ಸುಮಾರು 0.07 ಓಮ್. ಅದರಲ್ಲಿ 3 ಆಂಪಿಯರ್ ಹರಿದಾಗ ಸುಮಾರು 0.2 ವೋಲ್ಟ್ ನಷ್ಟವಾಗಿ, 5 ವೋಲ್ಟ್ ಬದಲು 4.8 ವೋಲ್ಟ್ ಮಾತ್ರ ಮಂಡಲವನ್ನು ತಲುಪುತ್ತದೆ. ಇದು ಮೇಲೆ ತಿಳಿಸಿದ 4.75ರ ಕನಿಷ್ಠ ಮಿತಿಗೆ ತೀರ ಸಮೀಪ. ಸಡಿಲ ಕ್ಲಿಪ್‌ಗಳು ಸೇರಿದರೆ ಮಿತಿಗಿಂತ ಕೆಳಗೆ ಇಳಿಯಬಹುದು. ವೋಲ್ಟೇಜನ್ನು ಸಾಧನದ ಮುಖಫಲಕದಲ್ಲಿ ನೋಡಿ ತೃಪ್ತರಾಗದೆ ಮಂಡಲದ ತುದಿಯಲ್ಲಿ ಅಳೆಯಬೇಕು.

10. ಬ್ಯಾಟರಿಗಳನ್ನು ಜೋಡಿಸುವಾಗ

ಪವರ್ ಸಪ್ಲೈನ ಕರೆಂಟಿಗೆ ಮಿತಿಯಿದೆ. ಬ್ಯಾಟರಿಯ ಕರೆಂಟಿಗೆ ಅಂತಹ ಮಿತಿಯಿಲ್ಲ. ವಾಹನದ 12 ವೋಲ್ಟ್ ಬ್ಯಾಟರಿಯು ಶಾರ್ಟ್ ಆದಾಗ ನೂರಾರು ಆಂಪಿಯರ್ ಹರಿಸಬಲ್ಲದು. ಬ್ಯಾಟರಿಯನ್ನು ತಿರುಗುಮುರುಗಾಗಿ ಜೋಡಿಸಿದರೆ ಸಾಧನವೂ ತಂತಿಯೂ ಸುಡುತ್ತವೆ. ಆರಿಸಿದ ಸಾಧನಕ್ಕೆ ಬ್ಯಾಟರಿಯನ್ನು ಕೂಡಿಸಿಟ್ಟರೆ ಕರೆಂಟ್ ಹಿಮ್ಮುಖವಾಗಿ ಹರಿಯಬಹುದು. ಆದ್ದರಿಂದ ಬ್ಯಾಟರಿಯ ತುದಿಯಲ್ಲೇ ಸೂಕ್ತ ಫ್ಯೂಸ್ ಹಾಗೂ ಹಿಮ್ಮುಖ ಹರಿವನ್ನು ತಡೆಯುವ ಡಯೋಡ್ ಅಳವಡಿಸತಕ್ಕದ್ದು.

11. ಅವಘಡ ಸಂಭವಿಸಿದಲ್ಲಿ

ವಿದ್ಯುದಾಘಾತಕ್ಕೆ ಒಳಗಾದವರನ್ನು ಬರಿಗೈಯಿಂದ ಮುಟ್ಟಬಾರದು. ಮೊದಲು ಮೇಜಿನ ಮುಖ್ಯ ಸ್ವಿಚ್ ಆರಿಸಬೇಕು. ಉಸಿರಾಟ ನಿಂತಿದ್ದರೆ ತರಬೇತಿ ಪಡೆದವರು ಎದೆ ಒತ್ತುವ ಪ್ರಥಮ ಚಿಕಿತ್ಸೆಯನ್ನು ಕೂಡಲೇ ಆರಂಭಿಸಿ, 108 ಅಥವಾ 112ಕ್ಕೆ ಕರೆ ಮಾಡಬೇಕು. ಉಪಕರಣಕ್ಕೆ ಬೆಂಕಿ ತಗುಲಿದರೆ ನೀರು ಹಾಕಬಾರದು. ವಿದ್ಯುತ್ ಕಡಿತಗೊಳಿಸಿ, ಇಂಗಾಲದ ಡೈಆಕ್ಸೈಡ್ ಅಗ್ನಿಶಾಮಕವನ್ನು ಬಳಸಬೇಕು.

12. ಅರ್ಜಿದಾರರು ಸಿದ್ಧಪಡಿಸಿಕೊಳ್ಳಬೇಕಾದ ವಿವರಗಳು

ಪ್ರಯೋಗಾಲಯದ ಬಳಕೆಗೆ ಅಥವಾ ಉಪಕರಣದ ಪರೀಕ್ಷೆಗೆ ಬರುವವರು ಕೆಳಕಂಡ ವಿವರಗಳನ್ನು ಮೊದಲೇ ಬರೆದಿಟ್ಟುಕೊಂಡಲ್ಲಿ ಸಮಯವೂ ಸಾಮಗ್ರಿಯೂ ಉಳಿಯುತ್ತವೆ:

– ಬೇಕಾಗುವ ವೋಲ್ಟೇಜ್‌ಗಳು ಮತ್ತು ಪ್ರತಿಯೊಂದರಲ್ಲಿ ಹರಿಯುವ ಗರಿಷ್ಠ ಕರೆಂಟ್;
– ಮಂಡಲದ ಸಾಮಾನ್ಯ ಬಿಂದು ಯಾವುದು, ಅದು ಭೂಮಿಗೆ ಸೇರಬೇಕೇ ಎಂಬುದು;
– ಉಪಕರಣವು ಗೋಡೆಯ ವಿದ್ಯುತ್ತಿಗೆ ಅಥವಾ ಬ್ಯಾಟರಿಗೆ ಬೇರೆಯಾಗಿ ಜೋಡಣೆಯಾಗಿದೆಯೇ ಎಂಬುದು;
– ಜೋಡಣೆಯ ಕೈಬರಹದ ಚಿತ್ರ, ತಂತಿಗಳ ಬಣ್ಣ ಸಹಿತ.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಸಿರು ಟರ್ಮಿನಲ್ಲಿಗೆ ಏನನ್ನೂ ಜೋಡಿಸದಿದ್ದರೆ ತಪ್ಪೇ?
ಉತ್ತರ: ತಪ್ಪಲ್ಲ. ಹಲವು ಪ್ರಯೋಗಗಳಿಗೆ ಅದರ ಅಗತ್ಯವಿಲ್ಲ. ಜೋಡಿಸುವುದಾದರೆ ಒಂದೇ ಕಡೆ ಜೋಡಿಸಬೇಕು.

ಪ್ರಶ್ನೆ: 30 ವೋಲ್ಟ್, 2 ಆಂಪಿಯರ್‌ನಿಂದ ಬೆಂಕಿ ಹತ್ತಬಹುದೇ?
ಉತ್ತರ: ಹತ್ತಬಹುದು. ಅದು 60 ವ್ಯಾಟ್ ಶಕ್ತಿ. ತವರವನ್ನು ಕರಗಿಸುವ ಬೆಸುಗೆ ಕಡ್ಡಿಗೆ 25 ವ್ಯಾಟ್ ಸಾಕು.

ಪ್ರಶ್ನೆ: ಬಳಕೆಯ ನಂತರ ಏನು ಮಾಡಬೇಕು?
ಉತ್ತರ: ವೋಲ್ಟೇಜ್ ಹಾಗೂ ಕರೆಂಟ್ ನಿಯಂತ್ರಣಗಳನ್ನು ಕನಿಷ್ಠಕ್ಕೆ ತಂದು, ಸರಣಿ-ಸಮಾಂತರ ಗುಂಡಿಗಳನ್ನು ಬಿಡಿಸಿ, ಸಾಧನವನ್ನು ಆರಿಸಬೇಕು. ಲೋಹದ ಪಟ್ಟಿಯ ಸ್ಥಾನ ಬದಲಿಸಿದ್ದರೆ ಮುಂದೆ ಬಳಸುವವರಿಗೆ ತಿಳಿಯುವಂತೆ ಚೀಟಿ ಅಂಟಿಸಬೇಕು.

ವಿಶೇಷ ಸೂಚನೆ: ಈ ಮಾಹಿತಿಯು ಸಾಧನದ ತಯಾರಕರ ಕೈಪಿಡಿಗೆ ಪರ್ಯಾಯವಲ್ಲ. ಸಾಧನದ ಕವಚವನ್ನು ಬಳಕೆದಾರರು ತೆರೆಯತಕ್ಕದ್ದಲ್ಲ. ಸಂದೇಹವಿದ್ದಲ್ಲಿ ಔಟ್‌ಪುಟ್ ಚಾಲೂ ಮಾಡುವ ಮೊದಲು ಪ್ರಯೋಗಾಲಯದ ಬೋಧಕರನ್ನು ಸಂಪರ್ಕಿಸುವುದು.